ಎರಡು ಟಿಕೀಟು, ಒಂದು ಸೂತಕ

ಮೊಂಬಾಸಾಗೆ ಹೋಗುವ ಹಡಗು ಮಂಗಳವಾರ ಹೊರಡುವುದಿತ್ತು. ಮುಂಬಯಿಯಲ್ಲಿ ಹೆಸರಾಂತ ಗಾಯಕಿ ಬಾಯಿಯವರ ಹಾಡುಗಾರಿಕೆ ಅದರ ಹಿಂದಿನ ಭಾನುವಾರ ಬೆಳಿಗ್ಗೆ ಇತ್ತು. ಇಷ್ಟು ಚೆಂದವಾಗಿ ಹೊಂದಿಬಂದದ್ದನ್ನು ನೋಡಿ ದೇವರು ನನ್ನ ಕಡೆಗೇ ಇದ್ದಾನೆ ಎಂದುಕೊಂಡಿದ್ದೆ. ಅವನಿಗೆ ಬೇರೆ ಕೆಲಸಗಳೂ ಇರುತ್ತವೆ ಎಂಬುದು ಆಮೇಲೆ ಗೊತ್ತಾಯಿತು.

ಆಗ ನನಗೆ ಇಪ್ಪತ್ತು ದಾಟಿತ್ತು. ಮದುವೆಯಾಗಿ ವರ್ಷವಾಗಿದ್ದರೂ ಗಂಡನ ಜೊತೆ ಇದ್ದದ್ದು ಒಂದು ತಿಂಗಳು. ಅವರಿಗೆ ಮೊಂಬಾಸಾದ ಬಂದರಿನ ಕಚೇರಿಯಲ್ಲಿ ಕೆಲಸ. ರಜೆಯ ಮೇಲೆ ಬಂದರು, ಮದುವೆ ಮಾಡಿಕೊಂಡರು, ಕಾಗದಪತ್ರ ಆದ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹಡಗು ಹತ್ತಿದರು. ನನಗೆ ಅತ್ತೆ ಮಾವ ಇರಲಿಲ್ಲ. ಹೀಗಾಗಿ ನಾನು ಧಾರವಾಡದ ನಮ್ಮ ಮನೆಯಲ್ಲೇ, ಮದುವೆಗೆ ಮೊದಲು ಹೇಗಿದ್ದೆನೋ ಹಾಗೇ ಉಳಿದೆ. ಬೆಳಿಗ್ಗೆ ಅವ್ವನ ಜೊತೆ ಜಗಳ, ಮಧ್ಯಾಹ್ನ ನಿದ್ದೆ, ಸಂಜೆ ಮಾಸ್ತರರ ಮನೆಗೆ ಹೋಗಿ ಹಾಡು ಕಲಿಯುವುದು. ಕೊರಳಿಗೊಂದು ಮಂಗಳಸೂತ್ರ ಬಂದಿತ್ತು ಎನ್ನುವುದನ್ನು ಬಿಟ್ಟರೆ ಏನೂ ಬದಲಾಗಿರಲಿಲ್ಲ.

ಹಡಗಿನ ಕಾಗದ ಬಂದ ದಿನ ಮಾಸ್ತರರಿಗೆ ಹೇಳಲು ಹೋದೆ. ಅವರು ತಂಬೂರಿಯನ್ನು ಗೋಡೆಗೆ ಆನಿಸಿಟ್ಟರು. ಅವರೂ ಬಾಯಿಯವರೂ ಒಬ್ಬರೇ ಗುರುಗಳ ಹತ್ತಿರ ಕಲಿತವರು. ಬಾಯಿಯವರು ದೊಡ್ಡ ಗಾಯಕಿಯಾದರು, ನಮ್ಮ ಮಾಸ್ತರರು ಧಾರವಾಡದಲ್ಲಿ ನಮ್ಮಂಥ ಹುಡುಗಿಯರಿಗೆ ಪಾಠ ಹೇಳುತ್ತ ಉಳಿದರು.

"ನಿನಗ ತೋಡಿ ರಾಗ ಅರ್ಧಾನೇ ಹೇಳೀನಿ," ಎಂದರು. "ಉಳಿದರ್ಧ ಹೇಳಲಿಕ್ಕೆ ಇನ್ನ ಟೈಮ್ ಇಲ್ಲ. ಮುಂಬೈದಾಗ ಬಾಯಿಯವರ ತೋಡಿ ಒಮ್ಮೆ ಎದುರಿಗೆ ಕೂತು ಕೇಳಿ ಹೋಗು. ಅದು ಹ್ಯಾಂಗ ಇರ್ತದ ಅಂತ ಕಿವ್ಯಾಗ ಇದ್ರ ಅಲ್ಲಿ ಒಬ್ಬಾಕೀನ ಕೂತು ಹುಡುಕ್ಕೋಬಹುದು. ಕೇಳದ ಹೋದಿ ಅಂದ್ರ ನಿನ್ನ ಹಾಡು ಬಂದರದಾಗನ ಮುಗೀತು, ತಿಳಕೋ."

ಮೊಂಬಾಸಾದಲ್ಲಿ ನನಗೆ ತೋಡಿ ಹೇಳಿಕೊಡಲು ಯಾರು ಕೂತಿದ್ದರು? ಯಾವಾಗ ತಿರುಗಿ ಬರುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ, ಕರೆಸಿಕೊಂಡವರಿಗೂ ಗೊತ್ತಿರಲಿಲ್ಲ. ಐದಾರು ವರ್ಷ ಕಲಿತದ್ದು ನೀರಿಗೆ ಬಿದ್ದು ಹೋಗುವುದು ನನಗೆ ಬೇಡವಾಗಿತ್ತು. ಬಾಯಿಯವರನ್ನು ಕೇಳಿಯೇ ಹಡಗು ಹತ್ತುತ್ತೇನೆ ಎಂದು ಪಟ್ಟು ಹಿಡಿದು ಅಣ್ಣನಿಗೆ ಕಾಗದ ಬರೆದೆ.

ಅಣ್ಣ ದಾದರಿನ ಒಂದು ಚಾಳಿನಲ್ಲಿದ್ದ. ವಿಕ್ರೋಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಅವನಿಗೆ ಕೆಲಸ. ಅವನ ಹೆಂಡತಿ, ನಮ್ಮ ವೈನಿ, ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ನನ್ನ ಕಾಗದ ಮುಟ್ಟಿದ ಮೇಲೆ ಅವನು ಆಫೀಸಿಗೆ ರಜೆ ಹಾಕಿ, ಸಾಲಿನಲ್ಲಿ ನಿಂತು, ಎರಡು ಟಿಕೀಟು ತಂದಿಟ್ಟಿದ್ದ. ಒಂದು ನನಗೆ, ಒಂದು ತನಗೆ. ನಾನು ಹಾಡು ಕಲಿತದ್ದೇ ಅವನ ದೆಸೆಯಿಂದ. "ಹುಡುಗಿ ಹಾಡು ಕಲ್ತು ಏನ ಮಾಡಬೇಕಾಗೇದ?" ಎಂದು ಅಪ್ಪ ಅಂದಾಗ, ಕಾಲೇಜಿಗೆ ಹೋಗುತ್ತಿದ್ದ ಅಣ್ಣ ಊಟ ಬಿಟ್ಟು ಕೂತು ಅಪ್ಪನನ್ನು ಒಪ್ಪಿಸಿದ್ದ. ಅವನಿಗೆ ದನಿ ಇರಲಿಲ್ಲ. ಕಿವಿ ಮಾತ್ರ ಭಾರಿ ಚುರುಕು. ಪಕ್ಕದ ಕೋಣೆಯಲ್ಲಿ ಕೂತು ಓದುತ್ತಲೇ, "ಏ, ಗಾಂಧಾರ ಏರಿತು ನೋಡು," ಎಂದು ಕೂಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು, ಯಾಕೆಂದರೆ ಗಾಂಧಾರ ನಿಜವಾಗಿಯೂ ಏರಿರುತ್ತಿತ್ತು.

ನಾನು ಮುಂಬಯಿಗೆ ಬಂದಿಳಿದ ಮೇಲೆ ದಿನಕ್ಕೊಮ್ಮೆಯಾದರೂ ಆ ಟಿಕೀಟುಗಳನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. "ಅದನ್ನ ಮುಟ್ಟಿ ಮುಟ್ಟಿ ಸವಿಸಬ್ಯಾಡ, ಬಾಗಿಲದಾಗ ಅಂವಾ ಒಳಗ ಬಿಡಂಗಿಲ್ಲ," ಎಂದು ಅಣ್ಣ ನಗುತ್ತಿದ್ದ.

ಗುರುವಾರ ಮುಂಜಾನೆ ಅಪ್ಪನ ಕಾರ್ಡು ಬಂತು. ಪೋಸ್ಟಿನವನ ಕೈಯಿಂದ ಅದನ್ನು ತೆಗೆದುಕೊಂಡ ಅಣ್ಣ ಮೊದಲ ಸಾಲು ಓದಿ ಅಲ್ಲೇ ಗ್ಯಾಲರಿಯಲ್ಲಿ ನಿಂತುಬಿಟ್ಟ, ಒಳಗೆ ಬರಲಿಲ್ಲ. ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ತರುವ ಪದ್ಧತಿ ನಮ್ಮಲ್ಲಿ ಇಲ್ಲ. ಹೊರಗೇ ಓದಿ, ಹರಿದು ಚೆಲ್ಲಿ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ಅವ್ವನೋ ಏನೋ ಎಂದು ಓಡಿಬಂದೆ.

"ಕಾಕಾ," ಎಂದ ಅಣ್ಣ. ಅಪ್ಪನ ಚಿಕ್ಕಪ್ಪನ ಮಗ, ನಮ್ಮ ದಾಯಾದಿ. ನಾನು ಅವನನ್ನು ಕಂಡದ್ದು ಮದುವೆ ಮುಂಜಿಗಳಲ್ಲಿ ಮಾತ್ರ. ತನಗೆ ಎರಡನೇ ಸಲ ಹೋಳಿಗೆ ಬಡಿಸಲಿಲ್ಲ ಎಂದು ಪಂಕ್ತಿಯಲ್ಲೇ ಜಗಳ ತೆಗೆಯುತ್ತಿದ್ದ. ಅದನ್ನು ಬಿಟ್ಟರೆ ಒಳ್ಳೆಯ ಮನುಷ್ಯನೇ ಇದ್ದಿರಬೇಕು.

ಅಣ್ಣ ಕಾರ್ಡು ಹರಿದ. ಇಬ್ಬರೂ ಒಬ್ಬರಾದ ಮೇಲೊಬ್ಬರು ಕೋಣೆಯ ಮೂಲೆಯ ಬಚ್ಚಲ ಮೋರಿಯಲ್ಲಿ ಕೂತು ತಲೆಗೆ ನೀರು ಹಾಕಿಕೊಂಡೆವು. ತಲೆ ಒರೆಸಿಕೊಳ್ಳುತ್ತ ಅಣ್ಣ ಬೆರಳು ಮಡಿಸಿ ಎಣಿಸಿದ. ನನಗೆ ಆಗಲೇ ಗೊತ್ತಾಗಿಹೋಯಿತು.

"ಹತ್ತು ದಿನದ ಸೂತಕ," ಎಂದ. "ರವಿವಾರ ಅದರಾಗ ಬರ್ತದ."

"ಬಂದ್ರ?"

"ಬಂದ್ರ ಏನು? ಸೂತಕದಾಗ ಹಾಡು ಕೇಳಲಿಕ್ಕೆ ಹೋಗ್ತಾರೇನು?"

"ಬದುಕಿದ್ದಾಗ ಹೋಳಿಗಿ ಸಲುವಾಗಿ ಜಗಳಾ ತಗೀತಿದ್ದ. ಈಗ ನನ್ನ ಹಾಡಿನ ಮ್ಯಾಲೆ ಬಂದ ನೋಡು!"

"ಸತ್ತವರ ಬಗ್ಗೆ ಹಂಗ ಮಾತಾಡಬ್ಯಾಡ," ಎಂದು ಅಣ್ಣ ಗದರಿದ. ನಾನು ಗೋಡೆಗೆ ಮುಖ ಮಾಡಿ ಮಲಗಿ ಅತ್ತೆ. ಆದರೆ ಹೋಗೇ ಹೋಗುತ್ತೇನೆ ಎಂದು ವಾದ ಮಾಡಲಿಲ್ಲ. ನನ್ನ ಬಾಯಿ ಎಂಥದೆಂದು ಧಾರವಾಡಕ್ಕೆಲ್ಲ ಗೊತ್ತಿತ್ತು, ಆದರೂ ಸೂತಕ ಎಂದ ಮೇಲೆ ನನಗೂ ಏನೂ ಹೊಳೆಯಲಿಲ್ಲ. ನಮ್ಮ ಮನೆಗೆ ಸೂತಕ ಬಂದರೆ ನನಗೂ ಬಂತು. ಹುಟ್ಟಿದಾಗಿನಿಂದ ಹಾಗೇ ನಡೆದುಬಂದಿತ್ತು.

ಮರುದಿನ ಅಣ್ಣ ಎರಡೂ ಟಿಕೀಟು ಒಯ್ದು ಆಫೀಸಿನ ಗೆಳೆಯನಿಗೆ ಕೊಟ್ಟುಬಂದ. ಬೆಳಗಾವಿ ಕಡೆಯವನು, ವಿಕ್ರೋಳಿಯ ಕ್ವಾರ್ಟರ್ಸಿನಲ್ಲಿ ಹೆಂಡತಿ ಮಕ್ಕಳ ಜೊತೆ ಇರುವವನು. "ಯಾರಾದರೂ ಕೇಳಲಿ, ಹಾಳಾಗೂದು ಯಾಕ," ಎಂದ ಅಣ್ಣ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವತ್ತು ಅನ್ನವೂ ಸೇರಲಿಲ್ಲ.

ಆ ಸಂಜೆ ಅಣ್ಣನಿಗೆ ಹೊಸ ಚಿಂತೆ ಹತ್ತಿತು. ಸೂತಕದೊಳಗೆ ಸಮುದ್ರ ದಾಟಿ ಗಂಡನ ಮನೆಗೆ ಹೋಗಬಹುದೇ? ಮೊದಲ ಸಲ ಸಂಸಾರ ಹೂಡಲು ಹೊರಟ ಹುಡುಗಿ, ಏನಾದರೂ ಹೆಚ್ಚುಕಡಿಮೆಯಾದರೆ ಅಪ್ಪ ಏನೆಂದಾರು? ಮಾಟುಂಗಾದಲ್ಲಿ ಉಡುಪಿ ಹೋಟೆಲೊಂದರ ಮೇಲಿನ ಕೋಣೆಯಲ್ಲಿ ಒಬ್ಬ ಭಟ್ಟರಿದ್ದರು. ಮುಂಬಯಿಯ ಕನ್ನಡದವರಿಗೆ ಮುಂಜಿ, ಮದುವೆ, ಶ್ರಾದ್ಧ ಎಲ್ಲಕ್ಕೂ ಅವರೇ ಬೇಕು. ಅವರನ್ನು ಕೇಳಿಬರೋಣ ಎಂದು ನನ್ನನ್ನೂ ಕರೆದುಕೊಂಡು ಹೊರಟ. ಕೆಳಗೆ ಹೋಟೆಲಿನಿಂದ ಸಾಂಬಾರಿನ ವಾಸನೆ ಮೆಟ್ಟಿಲ ತುಂಬ ಬರುತ್ತಿತ್ತು. ಸೂತಕದವರು ಎಂದು ನಾವು ಹೊಸ್ತಿಲಿನ ಆಚೆಗೇ ನಿಂತೆವು.

ಅಣ್ಣ ಎಲ್ಲ ಹೇಳಿದ. ಭಟ್ಟರು ಎಲೆಯಡಿಕೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

"ಸೂತಕ ಯಾರಿಗೆ?" ಎಂದರು.

"ನಮಗ್ರೀ."

"ನಿಮಗೆ ಉಂಟು, ಸರಿ. ಇವರಿಗೆ ಎಂತ ಸೂತಕ?"

"ಆಕಿ ನನ್ನ ತಂಗಿರೀ."

"ತಂಗಿ ಅಂತ ಗೊತ್ತಾಯಿತು ಮಾರಾಯರೆ. ಮದುವೆ ಆಗಿದೆ ಅಲ್ಲವಾ? ಕರಿಮಣಿ ಕಾಣ್ತದೆ." ನನ್ನ ಕಡೆ ತಿರುಗಿ, "ನಿಮ್ಮ ಗೋತ್ರ ಯಾವುದು ಹೇಳಿ," ಎಂದರು.

ನಾನು ಥಟ್ಟನೆ ನಮ್ಮ ಗೋತ್ರ ಹೇಳಿದೆ. ಭಟ್ಟರು ನಕ್ಕರು. "ಅದು ನಿಮ್ಮ ಅಪ್ಪನದ್ದು. ನಿಮ್ಮದು ಹೇಳಿ."

ನನಗೆ ನೆನಪಾಗಲಿಲ್ಲ. ನಿಜವಾಗಿಯೂ ನೆನಪಾಗಲಿಲ್ಲ. ಮದುವೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಒಮ್ಮೆ ಕೇಳಿದ್ದೆ, ಅಷ್ಟೇ. ಅಣ್ಣನೇ ಮೆಲ್ಲಗೆ ಹೇಳಿಕೊಟ್ಟ.

"ಹಾಗಾದರೆ ಮುಗಿಯಿತಲ್ಲ," ಎಂದರು ಭಟ್ಟರು. "ನಿಮಗೆ ಸೂತಕವೇ ಇಲ್ಲ. ದಾಯಾದಿ ಸತ್ತದ್ದು ಇವರಿಗೆ. ನೀವು ಬೇರೆ ಗೋತ್ರಕ್ಕೆ ಹೋದವರು, ಒಂದು ಸ್ನಾನ ಮಾಡಿದರೆ ಆಯಿತು. ಮಾಡಿದ್ದೀರಲ್ಲ? ಧಾರಾಳ ಹಡಗು ಹತ್ತಿ. ನೀವು ಈಗ ಆ ಮನೆಯವರು ಅಲ್ಲ."

ಅವರು ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು. ನನಗೆ ಮೊದಲು ಬಂದದ್ದು ಸಂತೋಷ, ಅದನ್ನು ಮುಚ್ಚಿಡುವುದೇಕೆ? ಸೂತಕ ಇಲ್ಲ ಎಂದರೆ ಹಾಡು ಕೇಳಬಹುದು! ಅದರ ಬೆನ್ನಿಗೇ ಅಪ್ಪನ ಮುಖ ಕಣ್ಣ ಮುಂದೆ ಬಂತು. ಬಾಯಿ ಸುಮ್ಮನಿರಬೇಕಲ್ಲ, ಕೇಳಿಯೇಬಿಟ್ಟೆ.

"ನಾಳೆ ನಮ್ಮ ಅಪ್ಪಗ ಏನರೆ ಆದ್ರ? ಆವಾಗರೆ ನನಗ ಸೂತಕ ಅದನೋ ಇಲ್ಲೋ?"

"ಛೇ, ಅದೆಲ್ಲ ಈಗ ಎಂತಕ್ಕೆ? ತಂದೆ ತಾಯಿಗಾದರೆ ಮೂರು ದಿನ ಉಂಟು."

ಮೂರು ದಿನ! ಅಣ್ಣನಿಗೆ ಹತ್ತು, ನನಗೆ ಮೂರು. ಅಣ್ಣ ಚಪ್ಪಲಿ ಮೆಟ್ಟಲು ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಭಟ್ಟರಿಗೆ ಕೈ ಮುಗಿಯುವುದನ್ನೂ ಮರೆತು ಇಬ್ಬರೂ ಮೆಟ್ಟಿಲು ಇಳಿದೆವು.

ಫುಟ್‌ಪಾತಿಗೆ ಬಂದ ಕೂಡಲೇ ನನ್ನ ಸಿಟ್ಟು ಮೇಲೆ ಬಂತು.

"ಹಂಗಾರ ನನ್ನ ಟಿಕೀಟ ಎಲ್ಲಿ?"

"ಕೊಟ್ಟು ಬಂದೀನಲ್ಲ."

"ಯಾರನ್ನ ಕೇಳಿ ಕೊಟ್ಟಿ?"

"ನಿನಗೂ ಸೂತಕ ಅಂತ ತಿಳಕೊಂಡೆ. ನೀನೂ ಏನೂ ಅನ್ನಲಿಲ್ಲ, ಅಳಕೋತ ಮಲಗಿದ್ದಿ."

"ನಾ ಬ್ಯಾರೆ ಮನ್ಯಾಕಿ ಆಗೀನಿ ಅಂತ ನಿನಗ ಗೊತ್ತಿರಲಿಲ್ಲೇನು?"

"ನಿನಗ ಗೊತ್ತಿತ್ತೇನು?" ಎಂದ ಅಣ್ಣ.

ಬಂದ ಟ್ರ್ಯಾಮನ್ನು ಹತ್ತಿ, ದಾದರಿನವರೆಗೂ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಕೂತೆವು.

ಆದರೆ ಕೂತು ಅಳುವ ಹೊತ್ತು ಅದಲ್ಲ. ಹಾಡು ಇದ್ದದ್ದು ನಮ್ಮ ಚಾಳಿನಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯೊಂದರ ಸಭಾಗೃಹದಲ್ಲಿ. ಅಲ್ಲಿಯ ಸಂಗೀತ ಮಂಡಳಿಯವರು ಅದನ್ನು ಇಟ್ಟುಕೊಂಡಿದ್ದರು. ಅಣ್ಣನನ್ನು ಹೊರಡಿಸಿಕೊಂಡು ಅಲ್ಲಿಗೆ ಹೋದೆ. ಬಾಗಿಲಲ್ಲೇ 'ಹೌಸ್‌ಫುಲ್' ಎಂದು ಬರೆದ ಹಲಗೆ ತೂಗುಹಾಕಿದ್ದರು. ಒಳಗೆ ಮಂಡಳಿಯ ಸೆಕ್ರೆಟರಿ ಜಮಖಾನೆಗಳನ್ನು ಎಣಿಸಿ ಇಡಿಸುತ್ತಿದ್ದರು. ಬಿಳಿ ಟೊಪ್ಪಿಗೆಯ ಮರಾಠಿ ಗೃಹಸ್ಥರು. ನನ್ನ ಧಾರವಾಡದ ಮರಾಠಿಯಲ್ಲಿ ಎಲ್ಲ ಹೇಳಿದೆ, ಹಡಗು, ಮಾಸ್ತರರು, ಅರ್ಧ ತೋಡಿ, ಎಲ್ಲ. ಅವರು ಮನಸ್ಸಿಟ್ಟೇ ಕೇಳಿದರು.

"ಏಕ್ ಪಣ್ ನಾಹೀ, ತಾಯೀ," ಎಂದರು. ಒಂದೂ ಇಲ್ಲ. ಮಂಡಳಿಯ ಸದಸ್ಯರಿಗೇ ಇಲ್ಲ, ತಮ್ಮ ಸ್ವಂತ ಹೆಂಡತಿಗೇ ಇಲ್ಲ ಎಂದು ಹಣೆ ಹಣೆ ಬಡಿದುಕೊಂಡರು. ಮೂಲೆಯಲ್ಲಿ ನಿಂತು ಕೇಳುತ್ತೇನೆ ಎಂದೆ. ಒಬ್ಬರಿಗೆ ಬಿಟ್ಟರೆ ಊರೇ ಬರುತ್ತದೆ ಎಂದರು. ನಾನು ಇನ್ನೂ ಬಾಯಿ ತೆಗೆಯುವಷ್ಟರಲ್ಲಿ ಅಣ್ಣ ನನ್ನನ್ನು ಗದರಿಸಿ ಹೊರಗೆ ಹೊರಡಿಸಿದ.

"ಇನ್ನ ಒಂದ ಹಾದಿ ಉಳೀತು," ಎಂದೆ. "ವಿಕ್ರೋಳಿಗೆ ಹೋಗಿ ನಿನ್ನ ಗೆಳೆಯಾನ ಕಡಿಂದ ತಿರುಗಿ ತಗೊಂಡು ಬರೂದು."

ಅಣ್ಣ ಹೌಹಾರಿದ. "ಕೊಟ್ಟದ್ದನ್ನ ತಿರುಗಿ ಕೇಳೂದೇನು? ಹೋದವಾರ ಅಂವಾ ನನ್ನ ಕೆಲಸಾನೂ ಮಾಡಿ ಕೊಟ್ಟಾನ. ಯಾವ ಮುಖಾ ಹೊತ್ತು ಕೇಳಲಿ? ನನಗ ಮುಖಾ ಇಲ್ಲ."

"ನನಗ ಅದ," ಎಂದೆ. "ಮನಿ ಎಲ್ಲೇದ ಅಷ್ಟ ಹೇಳು."

ಶನಿವಾರ ಅಣ್ಣ ಆಫೀಸಿಗೆ ಹೋದ. ನಾನು ಅಡಿಗೆ ಮುಗಿಸಿ, ಅವನು ಬೇಡ ಬೇಡ ಎನ್ನುತ್ತಲೇ ಹೇಳಿದ್ದ ಗುರುತು ಹಿಡಿದು ಲೋಕಲ್ ಹತ್ತಿದೆ. ಒಬ್ಬಳೇ ಲೋಕಲ್ ಹತ್ತಿದ್ದು ಅದೇ ಮೊದಲು. ಹೆಂಗಸರ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಒಬ್ಬಾಕೆ ನನ್ನ ಮುಖ ನೋಡಿ, ಕೇಳದೆಯೇ ಸರಿದು ಜಾಗ ಕೊಟ್ಟಳು. ವಿಕ್ರೋಳಿಯಲ್ಲಿ ಇಳಿದರೆ ಆಗ ಆಳೆತ್ತರದ ಹುಲ್ಲು, ಅದರ ನಡುವೆ ಹೊಸ ಶೆಡ್ಡುಗಳು, ಅವುಗಳ ಆಚೆಗೆ ಒಂದೇ ನಮೂನೆಯ ಕ್ವಾರ್ಟರ್ಸುಗಳ ಸಾಲು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಬಾಯಿಪಾಠ ಮಾಡುತ್ತ ಹೋದೆ.

ಗೆಳೆಯನ ಹೆಂಡತಿ ಬಾಗಿಲು ತೆರೆದಳು. ನನಗಿಂತ ಐದಾರು ವರ್ಷ ದೊಡ್ಡವಳು, ಸೊಂಟದ ಮೇಲೊಂದು ಕೂಸು, ಸೆರಗು ಹಿಡಿದು ಮತ್ತೆರಡು. ಯಾರ ತಂಗಿ ಎಂದು ಹೇಳಿದ್ದೇ ತಡ, "ಬರ್ರಿ ಬರ್ರಿ, ಒಳಗ ಬರ್ರಿ, ನಮ್ಮ ಕಡೆಯವರ ಮಾತು ಕೇಳಿ ಎಷ್ಟ ದಿನಾತು," ಎಂದು ಮಣೆ ಹಾಕಿ ನೀರು ಬೆಲ್ಲ ಕೊಟ್ಟಳು. ಒಳಗಿನ ಹಗ್ಗದ ಮೇಲೆ ಇಳಕಲ್ಲ ಸೀರೆಯೊಂದು ಗಾಳಿಗೆ ಹರವಿತ್ತು. ಪೆಟ್ಟಿಗೆಯೊಳಗಿನ ನುಸಿಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ.

"ನಾಳೆ ಹಾಡು ಕೇಳಲಿಕ್ಕೆ ಉಡಬೇಕಂತ ತಗದೀನ್ರಿ," ಎಂದಳು ನಗುತ್ತ. "ನಿಮ್ಮಣ್ಣಾರ ಉಪಕಾರ."

ಅಯ್ಯೋ ದೇವರೇ! ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. ನೀರು ಕುಡಿದು ಎದ್ದುಬಿಡೋಣ ಅನ್ನಿಸಿತು. ಎದ್ದೂ ಎದ್ದೆ. ಎದ್ದವಳು ಬಾಗಿಲಿಗೆ ಹೋಗದೆ ಅಲ್ಲೇ ನಿಂತು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಸೂತಕ ಅಂದುಕೊಂಡದ್ದು, ಅದು ನನಗಿಲ್ಲ ಎಂದು ಗೊತ್ತಾದದ್ದು, ಮಂಗಳವಾರದ ಹಡಗು, ಮಾಸ್ತರರು ಅಂದ ಮಾತು. "ನಾಳೆ ಕೇಳಲಿಲ್ಲ ಅಂದ್ರ ನನ್ನ ಹಾಡು ಅಲ್ಲಿಗೇ ಮುಗೀತು," ಎಂದೆ. ಕಡೆಗೆ ದನಿ ನಡುಗಿತು, ಅದಕ್ಕೂ ನನಗೆ ಸಿಟ್ಟು ಬಂತು.

ಅವಳು ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಸೀರೆಯನ್ನೊಮ್ಮೆ ನೋಡಿದಳು.

"ನಾ ಮದುವ್ಯಾಗಿ ಬಂದ ಮ್ಯಾಲೆ ಈ ಕ್ವಾರ್ಟರ್ಸ್ ಬಿಟ್ಟು ನನ್ನ ಖುಷಿಗಂತ ಹೊರಗ ಹೊಂಟದ್ದು ಇದ ಮೊದಲು," ಎಂದಳು. "ನನ್ನ ಟಿಕೀಟ ನಾ ಕೊಡಂಗಿಲ್ಲ ನೋಡ್ರಿ. ಸಿಟ್ಟಾಗಬ್ಯಾಡ್ರಿ."

"ಆಗ್ತೀನಿ," ಎಂದೆ.

ಅವಳು ಗೊಳ್ಳೆಂದು ನಕ್ಕಳು. ನನಗೂ ನಗು ಬಂದುಬಿಟ್ಟಿತು.

"ಇವರದು ಕೊಡ್ತೀನಿ, ತಗೊಂಡು ಹೋಗ್ರಿ. ಇವರಿಗೆ ಹಾಡಂದ್ರ ನಿದ್ದಿ. ನನ್ನ ತಮ್ಮನ ಮದುವ್ಯಾಗ ಶಹನಾಯಿ ಬಾಜೂಕ ಕೂತು ಗೊರಕಿ ಹೊಡದಾರ."

ಅಷ್ಟರಲ್ಲಿ ಅವಳ ಗಂಡ ಆಫೀಸು ಮುಗಿಸಿ ಬಂದ. ಅರ್ಧ ದಿನದ ಶನಿವಾರ. ಬಾಗಿಲಲ್ಲಿ ಬೂಟು ಬಿಚ್ಚುತ್ತಿರುವಾಗಲೇ ಅವಳು ಎಲ್ಲ ಇತ್ಯರ್ಥ ಮಾಡಿಬಿಟ್ಟಳು.

"ಏನ್ರೀ, ನಾಳೆ ನೀವು ಮನ್ಯಾಗ ಇರ್ರಿ. ಹಾಡಿಗೆ ನಾನೂ ಇವರೂ ಹೊಂಟೇವಿ."

"ಅಂದ್ರ? ನನ್ನ ಟಿಕೀಟ?"

"ನಿಮ್ಮದ. ಸಣ್ಣದಕ್ಕ ಮೈ ಬಿಸಿ ಅದ, ಬಾಜೂ ಮನ್ಯಾಗ ಹ್ಯಾಂಗ ಬಿಟ್ಟು ಹೋಗೂದು? ಯಾರರೆ ಒಬ್ಬರು ಇರಬೇಕಲ್ಲ."

ಅವನು ಕೂಸಿನ ಹಣೆ ಮುಟ್ಟಿ ನೋಡಿದ. ತಣ್ಣಗಿದ್ದಿರಬೇಕು, ಯಾಕೆಂದರೆ ಹೆಂಡತಿಯ ಮುಖವನ್ನೂ ನೋಡಿದ. ಆಮೇಲೆ ಅಂಗಿ ಕಳಚಿ ಗೂಟಕ್ಕೆ ಹಾಕಿದ. ನಾನು ಸಂಕೋಚ ಪಡಬೇಕಾದ ಹೊತ್ತು ಅದು. ಪಡಲಿಲ್ಲ. "ಟಿಕೀಟ ಈಗ ಕೈಯಾಗ ಕೊಟ್ಟುಬಿಡ್ರಿ, ನಾಳೆ ತನಕಾ ನನಗ ನಿದ್ದಿ ಹತ್ತಂಗಿಲ್ಲ," ಎಂದೆ. ಅವನೇ ಎದ್ದು ಅಂಗಿಯ ಕಿಸೆಯಿಂದ ತೆಗೆದು ಕೊಟ್ಟ. ಅಣ್ಣ ಕೊಟ್ಟಾಗಿನಿಂದ ಪಾಪ ಅದನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಸಂಜೆ ಟಿಕೀಟು ತೋರಿಸಿದಾಗ ಅಣ್ಣ ತಲೆ ಮೇಲೆ ಕೈ ಇಟ್ಟುಕೊಂಡ. "ನೀ ಮೊಂಬಾಸಾಕ್ಕ ಹೋದ್ರ ಅಲ್ಲಿಯವರ ಗತಿ ಏನು!" ಎಂದ. ಆದರೆ ಗುರುವಾರದಿಂದೀಚೆಗೆ ಮೊದಲ ಸಲ ಅವನ ಮುಖ ಅರಳಿತ್ತು. ಮುಂದಿನ ಸಾಲಿನಲ್ಲಿ ಕೂಡು, ಬಾಯಿಯವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅದನ್ನು ನೋಡು, ಮನಸ್ಸಿನಲ್ಲಿ ಜೊತೆಗೇ ಹಾಡಬೇಡ, ಸುಮ್ಮನೆ ಕೇಳು ಎಂದು ಮಲಗುವವರೆಗೂ ಹೇಳಿದ್ದೇ ಹೇಳಿದ್ದು.

ಭಾನುವಾರ ಅವನು ನನ್ನನ್ನು ಬಿಡಲು ಸಭಾಗೃಹದವರೆಗೂ ಬಂದ. ವಿಕ್ರೋಳಿಯಾಕೆ ಇಳಕಲ್ಲ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಮಗಿಂತ ಮೊದಲೇ ಬಂದು ನಿಂತಿದ್ದಳು. ಬಾಗಿಲಲ್ಲಿದ್ದ ಸೆಕ್ರೆಟರಿ ನನ್ನನ್ನು ನೋಡಿದರು, ನನ್ನ ಟಿಕೀಟು ನೋಡಿದರು, ಕಣ್ಣರಳಿಸಿ ಕೈ ಮುಗಿದರು. ಪರದೇಶಕ್ಕೆ ಹೊರಟ ಹುಡುಗಿ ಎಂದು ಅವರಿಗೆ ನೆನಪಿತ್ತು. ಅಣ್ಣ ಹಿಂದೆ ನಿಂತದ್ದನ್ನು ಕಂಡು ಅವರ ಮನಸ್ಸು ಕರಗಿರಬೇಕು. ಬಾಗಿಲ ಪಕ್ಕದಲ್ಲಿ ಚಪ್ಪಲಿಗಳ ಈಚೆಗೆ ಒಬ್ಬರು ಕೂಡುವಷ್ಟು ಜಾಗ ಇದೆ, ನಿಮ್ಮಣ್ಣನೂ ಬರಲಿ, ಯಾರಿಗೂ ಹೇಳಬೇಡಿ ಎಂದು ಪಿಸುಗುಟ್ಟಿದರು.

ನನಗೆ ಕುಣಿಯುವಷ್ಟು ಖುಷಿಯಾಯಿತು. ತಿರುಗಿ, "ಬಾ ಲಗೂನ," ಎಂದೆ. ಅಣ್ಣ ಕದಲಲಿಲ್ಲ.

"ನೀ ಹೋಗು," ಎಂದ. "ನನಗ ಸೂತಕ."

"ಇಲ್ಲಿ ಯಾರಿಗೆ ಗೊತ್ತದ? ಯಾರು ನೋಡ್ತಾರ?"

"ಯಾರೂ ನೋಡಂಗಿಲ್ಲ. ಆದ್ರ ನಾ ಆ ಮನ್ಯಾಂವ ಅಲ್ಲೇನು? ಹೋಗು, ತಂಬೂರಿ ಕೂಡಿಸಲಿಕ್ಕೆ ಹತ್ಯಾರ. ಕೇಳು, ಹೋಗು."

ಆ ಮಾತನ್ನು ಅವನು ನನ್ನ ಮನಸ್ಸು ನೋಯಿಸಬೇಕೆಂದು ಹೇಳಿದ್ದಲ್ಲ. ಆದರೂ ನಾನು ಅಲ್ಲೇ ನಿಂತುಬಿಟ್ಟೆ. ಅವನು ಆ ಮನೆಯವನು, ಅದಕ್ಕೆ ಹೊರಗೆ. ನಾನು ಅಲ್ಲ, ಅದಕ್ಕೆ ಒಳಗೆ. ಹಿಂದಿನಿಂದ ಜನ ನೂಕಿದರು. ವಿಕ್ರೋಳಿಯಾಕೆ ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು.

ಬಾಯಿಯವರು ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು. ನೆರೆತ ಕೂದಲು, ಸಾದಾ ಹತ್ತಿಯ ಸೀರೆ, ಮೂಗಿನಲ್ಲಿ ಮುತ್ತಿನ ನತ್ತು. ನಮ್ಮ ಅವ್ವನ ಗೆಳತಿಯರಲ್ಲಿ ಒಬ್ಬರು ಹಪ್ಪಳ ಮಾಡಲು ಬಂದು ಕೂತ ಹಾಗೆ ಕೂತರು. ತಂಬೂರಿ ಸರಿ ಕೂಡುವವರೆಗೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಷಡ್ಜ ಹಚ್ಚಿದರು, ಅಲ್ಲಿಂದ ತೋಡಿ ಶುರುವಾಯಿತು.

ಮಾಸ್ತರರು ಹೇಳಿದ್ದು ನಿಜ. ನಾನು ಕಲಿತದ್ದು ಅರ್ಧವೂ ಆಗಿರಲಿಲ್ಲ. ನಾನು ಗಾಂಧಾರಕ್ಕೆ ಹೋಗಿ ನಿಂತುಬಿಡುತ್ತಿದ್ದೆ, ಕೆಲಸ ಮುಗಿಯಿತು ಎನ್ನುವ ಹಾಗೆ. ಬಾಯಿಯವರು ಅಲ್ಲಿಗೆ ಹೋಗುವುದಕ್ಕೇ ಅಷ್ಟು ಹೊತ್ತು ತೆಗೆದುಕೊಂಡರು. ಹೋಗಿ ಮುಟ್ಟಿ, ಬಿಟ್ಟು, ರಿಷಭದಲ್ಲಿ ಕೂತು, ಮತ್ತೆ ಹೋದರು. ಆ ಸ್ವರ ಅಷ್ಟು ಕೆಳಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಣ್ಣ ಇಷ್ಟು ವರ್ಷ ಪಕ್ಕದ ಕೋಣೆಯಿಂದ ಕೂಗುತ್ತಿದ್ದದ್ದು ಇದನ್ನೇ. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ವಿಕ್ರೋಳಿಯಾಕೆಯೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳಿಗೆ ಅವಳ ಕಾರಣಗಳಿದ್ದವು.

ನನಗೆ ಬೇಕಾದದ್ದು ಸಿಕ್ಕಿತು. ಒಂದು ಸ್ವರವನ್ನೂ ಬಿಡದೆ ಕೇಳಿದೆ. ನಡುನಡುವೆ ಬಾಗಿಲ ಕಡೆ ತಿರುಗಿ ನೋಡಿದೆ. ಚಪ್ಪಲಿಗಳ ಈಚೆಗಿನ ಆ ಜಾಗದಲ್ಲಿ ಆಗಲೇ ಯಾರೋ ಒಬ್ಬರು ಕೂತು ತಲೆದೂಗುತ್ತಿದ್ದರು.

ಹಾಡು ಮುಗಿದು ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಣ್ಣ ಶಾಲೆಯ ಕಂಪೌಂಡಿಗೆ ಒರಗಿ, ತಲೆ ಮೇಲೆ ಕರವಸ್ತ್ರ ಹಾಕಿಕೊಂಡು ನಿಂತಿದ್ದ. ಮನೆಗೆ ಹೋಗಿ ಬಂದಿರಬಹುದು ಎಂದುಕೊಂಡಿದ್ದೆ. ಹೋಗಿರಲಿಲ್ಲ.

"ಕೇಳಿಸ್ತೇನು?" ಎಂದೆ.

"ಇಲ್ಲ. ತಬಲಾದ ದನಿ ಅಷ್ಟ ಬರ್ತಿತ್ತು. ಹ್ಯಾಂಗಾತು?"

ನನಗೆ ಹಾಡು ಕೊಡಿಸಿದವನು, ಟಿಕೀಟಿಗೆ ಸಾಲಿನಲ್ಲಿ ನಿಂತವನು, ಬಿಸಿಲಲ್ಲಿ ನಿಂತು ಹ್ಯಾಂಗಾತು ಎಂದು ಕೇಳುತ್ತಿದ್ದ. ಅಲ್ಲೇ ಫುಟ್‌ಪಾತಿನ ಮೇಲೆ ಅವನ ಕಾಲಿಗೆ ಬಗ್ಗಿದೆ. ಅವನು ಚಂಗನೆ ಹಿಂದಕ್ಕೆ ಸರಿದ.

"ಏ ಬ್ಯಾಡ ಬ್ಯಾಡ! ಸೂತಕದಾಗ ನಮಸ್ಕಾರ ತಗೋಬಾರದು. ನನ್ನ ಮುಟ್ಟಿದ್ರ ನೀ ಮತ್ತ ಸ್ನಾನಾ ಮಾಡಬೇಕಾಗ್ತದ."

ಮುಟ್ಟಿದರೆ ಸ್ನಾನ! ಮೊನ್ನೆಯವರೆಗೂ ಒಂದೇ ಮೋರಿಯಲ್ಲಿ ಒಂದೇ ಸೂತಕದ ನೀರು ಹಾಕಿಕೊಂಡವರು ನಾವು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಇವತ್ತಿನಿಂದ ನನಗೂ ಸೂತಕ," ಎಂದೆ.

"ಹುಚ್ಚೀ, ಭಟ್ಟರು ಇಲ್ಲಾ ಅಂದಾರ."

"ಭಟ್ಟರನ್ನ ಯಾರು ಕೇಳ್ಯಾರ ಈಗ? ನಾ ಹಿಡೀತೀನಿ. ನೀ ಎಷ್ಟ ದಿನಾ ಹಿಡೀತಿ ಅಷ್ಟ ದಿನಾ."

ವಿಕ್ರೋಳಿಯಾಕೆ ನಮ್ಮಿಬ್ಬರನ್ನೂ ನೋಡಿ, ಬರ್ತೀನ್ರಿ ಎಂದು ಹೊರಟುಹೋದಳು. ಅಣ್ಣ ಕೈ ಬಿಡಿಸಿಕೊಳ್ಳಲಿಲ್ಲ. ಚಾಳಿನವರೆಗೂ ನಡೆಯುತ್ತ, ಬಾಯಿಯವರು ಗಾಂಧಾರಕ್ಕೆ ಹೇಗೆ ಹೋದರು ಎಂದು ಮೆಲುದನಿಯಲ್ಲಿ ಅವನಿಗೆ ಹಾಡಿ ತೋರಿಸಿದೆ. ಸೂತಕದಲ್ಲಿ ಹಾಡಬಾರದು ಎಂದು ಅವನು ಅನ್ನಲಿಲ್ಲ. "ಇನ್ನೂ ಒಂಚೂರು ಕೆಳಗ," ಎಂದ. ನಾನು ಇಳಿಸಿದೆ. "ಹಾಂ, ಈಗ ಬಂತು," ಎಂದ.

ಮಂಗಳವಾರ ಹಡಗು ಹತ್ತಿದೆ. ನನ್ನ ಗಂಡನ ಪರಿಚಯದ ಗುಜರಾತಿ ಕುಟುಂಬವೊಂದು ಜೊತೆಗಿತ್ತು. ಅವರು ಮಿಠಾಯಿ ಕೊಟ್ಟರೆ ಬೇಡ ಎಂದೆ, ಡೆಕ್ಕಿನ ಮೇಲೆ ದೇವರ ಭಜನೆಗೆ ಕರೆದರೆ ಹೋಗಲಿಲ್ಲ. ಸಮುದ್ರದ ತ್ರಾಸು ಇರಬೇಕೆಂದು ಆ ಮನೆಯ ಹಿರಿಯ ಹೆಂಗಸು ನಿಂಬೆಹಣ್ಣು ತಂದು ಕೊಟ್ಟಳು. ಹತ್ತನೇ ದಿನ ನಸುಕಿನಲ್ಲಿ ಎದ್ದು, ಹಡಗಿನ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡೆ. ದಾದರಿನ ಮೋರಿಯಲ್ಲಿ ಅಣ್ಣನೂ, ಧಾರವಾಡದ ಹಿತ್ತಲಿನಲ್ಲಿ ಅಪ್ಪನೂ ಅವತ್ತೇ ಹಾಕಿಕೊಳ್ಳುವುದಿತ್ತು. ಒದ್ದೆ ಕೂದಲು ಬಿಟ್ಟುಕೊಂಡು ಹೊರಗೆ ಬಂದದ್ದನ್ನು ಕಂಡು ಆ ಹೆಂಗಸಿಗೆ ಆಗ ಅರ್ಥವಾಯಿತು. ಅವರಲ್ಲೂ ಹಾಗೇ ಮಾಡುತ್ತಾರಂತೆ. ಹತ್ತಿರ ಬಂದು, ಯಾರು ಹೋದದ್ದು ಎಂದು ಕೇಳಿದಳು.

"ಹಮಾರೇ ಘರ್ ಕೇ ಕಾಕಾ," ಎಂದೆ. ನಮ್ಮ ಮನೆಯ ಕಾಕಾ.